ತಪ್ಪಿದ ದಿನಕ್ಕೂ ಜಾಗವಿರಲಿ

ಹಸಿ ಕಸವನ್ನು ಗೊಬ್ಬರ ಮಾಡಲೆಂದು ನಮ್ಮ ಬಾಲ್ಕನಿಯ ಮೂಲೆಯಲ್ಲಿ ಒಂದರ ಮೇಲೊಂದು ಕೂರುವ ಮೂರು ಮಣ್ಣಿನ ಗಡಿಗೆಗಳಿವೆ. ಅವು ಬಂದ ವಾರವೇ ಫೋನಿಗೆ ಒಂದು ಆ್ಯಪ್ ಹಾಕಿಕೊಂಡೆ. ಸಿಪ್ಪೆ ಸುರಿದು, ಮೇಲೊಂದು ಹಿಡಿ ತೆಂಗಿನ ನಾರಿನ ಪುಡಿ ಉದುರಿಸಿ, ಗುರುತು ಹಾಕಿದರೆ ಪರದೆಯ ಗಿಡದಲ್ಲಿ ಒಂದು ಎಲೆ ಚಿಗುರುತ್ತಿತ್ತು. 41 ಎಲೆಗಳಾಗಿದ್ದವು. ಊರಿನಲ್ಲೊಂದು ಮದುವೆ ಮುಗಿಸಿ ಮರುದಿನ ರಾತ್ರಿ ಬಂದು ನೋಡಿದರೆ ಗಿಡ ಬೋಳಾಗಿತ್ತು, ಸತತ ದಿನಗಳ ಲೆಕ್ಕ, ಅಂದರೆ ಸ್ಟ್ರೀಕ್, ಸೊನ್ನೆಗೆ ಇಳಿದಿತ್ತು.

ಗಡಿಗೆಯ ಮುಚ್ಚಳ ತೆಗೆದೆ. ಬಾಳೆಹಣ್ಣಿನ ಸಿಪ್ಪೆ ಕಪ್ಪಾಗಿ ಕರಗಿತ್ತು, ಅಲ್ಲಲ್ಲಿ ಬಿಳಿ ಬೂಸ್ಟು ಹಬ್ಬಿತ್ತು, ಕೈಯಿಟ್ಟರೆ ಒಳಗೆ ಬೆಚ್ಚಗಿತ್ತು. ನಾನಿಲ್ಲದ ದಿನವೂ ಅಲ್ಲಿ ಕೆಲಸ ನಡೆದೇ ಇತ್ತು. ಅದಕ್ಕೆ ಆ್ಯಪ್ ಸೊನ್ನೆ ಕೊಟ್ಟದ್ದರಿಂದ ನನಗೆ ನಿಜಕ್ಕೂ ನೋವಾಯಿತು. ಹಸಿರು ಅಭ್ಯಾಸದ ಆ್ಯಪ್‌ಗಳನ್ನು ಜನ ಅರ್ಧಕ್ಕೇ ಬಿಡುವುದು ಸೋಮಾರಿತನದಿಂದ ಎಂದು ನಾನು ಒಪ್ಪುವುದಿಲ್ಲ. ಎಷ್ಟೋ ಮಂದಿ ಬಿಡುವುದು ಈ ಸೊನ್ನೆ ಕಂಡ ದಿನವೇ.

ಅಭ್ಯಾಸ ಕೂಡುವ ಬಗೆಯೂ ಒಂದು ದಿನ ತಪ್ಪಿದರೆ ಎಲ್ಲ ಸೊನ್ನೆ ಎನ್ನುವಂತಿಲ್ಲ. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರ ಗಮನಿಸಿ, 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹೊಸ ಕೆಲಸವೊಂದು ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಹಿಡಿಯುವ ಕಾಲ ನಡುಲೆಕ್ಕದಲ್ಲಿ 66 ದಿನ. ಒಬ್ಬೊಬ್ಬರಿಗೆ 18ರಿಂದ, ಲೆಕ್ಕ ಮುಂದುವರಿಸಿದ ಅಂದಾಜಿನಂತೆ, 254 ದಿನದವರೆಗೆ. ನಡುವೆ ಒಂದು ಸಲ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಿನ್ನಡೆ ಆಗಲಿಲ್ಲ. ಜೊತೆಗೆ, ಅವರೆಲ್ಲ ಹೊಸ ಕೆಲಸವನ್ನು ದಿನಾ ನಡೆಯುವ ಯಾವುದಾದರೂ ಒಂದಕ್ಕೆ ಗಂಟು ಹಾಕಿಕೊಂಡಿದ್ದರು, ಬೆಳಗಿನ ತಿಂಡಿಯಾದ ಮೇಲೆ ಎಂಬಂತೆ.

ಆ್ಯಪನ್ನು ಹೊಸದಾಗಿ ಕಟ್ಟುವವರು ಈ ಗಂಟಿನಿಂದಲೇ ಶುರುಮಾಡಬೇಕು ಎಂಬುದು ನನ್ನ ಆಸೆ. ಗುರುತು ಹಾಕೆಂದು ನನ್ನ ಫೋನು ರಾತ್ರಿ ಎಂಟಕ್ಕೆ ಟಿಂಗ್ ಎನ್ನುತ್ತದೆ. ಆಗ ಅಡುಗೆಮನೆ ತೊಳೆದಾಗಿರುತ್ತದೆ, ಫೋನು ಇನ್ನೊಂದು ಕೋಣೆಯಲ್ಲಿ ಚಾರ್ಜಿಗಿರುತ್ತದೆ. ನಮ್ಮ ಮನೆಯ ಹೊತ್ತೇ ಬೇರೆ. ಬೆಳಗ್ಗೆ ಅಕ್ಕಿ ತೊಳೆದು ಕುಕ್ಕರ್ ಒಲೆಗೇರಿಸಿ ಮೊದಲ ಸೀಟಿಗೆ ಕಾಯುವ ಆ ನಾಲ್ಕೈದು ನಿಮಿಷದಲ್ಲಿ ಅಕ್ಕಚ್ಚು ಕರಿಬೇವಿನ ಕುಂಡಕ್ಕೆ ಹೋಗುತ್ತದೆ, ಹೆಚ್ಚಿದ ತರಕಾರಿಯ ಸಿಪ್ಪೆ ಗಡಿಗೆಗೆ. ಮೊದಲ ದಿನವೇ ಆ್ಯಪ್ ಕೇಳಲಿ: ನಿಮ್ಮ ಮನೆಯಲ್ಲಿ ಒಲೆ ಹಚ್ಚುವುದು ಎಷ್ಟು ಹೊತ್ತಿಗೆ?

ಆ್ಯಪ್ ನಮ್ಮನ್ನು ಪಕ್ಕದ ಮನೆಯೊಂದಿಗೆ ಹೋಲಿಸುವುದಾದರೆ ಅದನ್ನೂ ಎಚ್ಚರದಿಂದ ಮಾಡಬೇಕು. ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್‌ನಲ್ಲಿ ಮನೆ ಬಾಗಿಲಿಗೆ ಚೀಟಿ ತೂಗುಹಾಕಿ, ನಿಮ್ಮ ಕರೆಂಟು ಇಷ್ಟು, ನೆರೆಹೊರೆಯ ಸರಾಸರಿ ಇಷ್ಟು ಎಂದು ತಿಳಿಸಿದ ಪ್ರಯೋಗವೊಂದು 2007ರಲ್ಲಿ ಪ್ರಕಟವಾಯಿತು. ಹೆಚ್ಚು ಉರಿಸುತ್ತಿದ್ದವರು ಕಡಿಮೆ ಮಾಡಿದರು. ಮೊದಲೇ ಮಿತವಾಗಿದ್ದವರು ಮಾತ್ರ ಹೆಚ್ಚು ಮಾಡಿಕೊಂಡರು! ಚೀಟಿಯಲ್ಲಿ ಕೈಯಿಂದ ಬರೆದ ಒಂದು ನಗುಮುಖ ಇದ್ದ ಕಡೆ ಆ ಏರಿಕೆ ಆಗಲಿಲ್ಲ. ಚೆನ್ನಾಗಿ ಮಾಡುತ್ತಿದ್ದೀರಿ ಎಂಬ ಒಂದು ಮಾತಿಗೆ ಅಷ್ಟು ಬೆಲೆ.

ಹುರಿದುಂಬಿಸುವ ಇನ್ನೊಂದು ಬಗೆ ಎಂದರೆ, ಚೀನಾದ ಪಾವತಿ ಆ್ಯಪ್ ಅಲಿಪೇ 2016ರಲ್ಲಿ ಶುರುಮಾಡಿದ ಆ್ಯಂಟ್ ಫಾರೆಸ್ಟ್ ನೆನಪಾಗುತ್ತದೆ. ನಡೆದರೆ, ಮೆಟ್ರೊ ಹತ್ತಿದರೆ ಪರದೆಯಲ್ಲಿ ಹಸಿರು ಶಕ್ತಿ ಕೂಡುತ್ತದೆ. ಸಾಕಷ್ಟು ಕೂಡಿದಾಗ ಇನ್ನರ್ ಮಂಗೋಲಿಯಾದಂಥ ಒಣ ನೆಲದಲ್ಲಿ ನಿಜವಾದ ಸಸಿ ನೆಡುತ್ತಾರೆ. ಆ್ಯಂಟ್ ಫಾರೆಸ್ಟ್‌ಗೆ 2019ರಲ್ಲಿ ವಿಶ್ವಸಂಸ್ಥೆಯ ಪರಿಸರ ಪ್ರಶಸ್ತಿ ಬಂತು. ಸಕಾಲಕ್ಕೆ ತೆಗೆದುಕೊಳ್ಳದಿದ್ದರೆ ಗೆಳೆಯರು ನಿಮ್ಮ ಶಕ್ತಿಯನ್ನು ಕದಿಯಬಹುದು ಎಂಬ ಆಟವೂ ಅದರಲ್ಲಿದೆ. ಜನ ಮತ್ತೆ ಮತ್ತೆ ಆ್ಯಪ್ ತೆರೆಯುವುದಕ್ಕೆ ಅದು ಒಳ್ಳೆಯ ಉಪಾಯ, ಆದರೆ ನನಗೆ ಹಿಡಿಸುವುದು ಮರಳಿನಲ್ಲಿ ಬೇರು ಬಿಟ್ಟ ಆ ಗಿಡ. ಫೋನು ಆರಿಸಿದರೂ ಅದು ಇರುತ್ತದೆ.

ನಾನು ಕೇಳುವುದೂ ಅಷ್ಟೇ. ಎಲೆಯ ಚಿತ್ರ ಬೇಡ, ಈ ವರ್ಷ ಎಷ್ಟು ಗೊಬ್ಬರ ಬಂತು ಎಂಬ ಲೆಕ್ಕ ಇರಲಿ. ತಪ್ಪಿದ ದಿನ ಖಾಲಿ ಚೌಕವಾಗಿ ಉಳಿಯಲಿ, ಹಿಂದಿನದನ್ನು ಅಳಿಸದಿರಲಿ. ಅಭ್ಯಾಸ ಕೂಡಿದ ಮೇಲೆ ದಿನಾ ಕರೆಯುವುದು ಬೇಡ. ಗುಂಗುರು ಬಂದಾಗ ಏನು ಮಾಡಬೇಕು, ಮೇಲಿನ ಗಡಿಗೆ ತುಂಬಿದಾಗ ಯಾವುದನ್ನು ಎಲ್ಲಿಡಬೇಕು ಎಂದು ಹೇಳಿದರೆ ಸಾಕು. ಅಂಥ ಆ್ಯಪನ್ನು ನಾನು ಹತ್ತು ವರ್ಷವಾದರೂ ಇಟ್ಟುಕೊಳ್ಳುತ್ತೇನೆ.

ಹೋದ ಭಾನುವಾರ ಕೆಳಗಿನ ಗಡಿಗೆಯನ್ನು ಬರಿದು ಮಾಡಿ ಜರಡಿ ಹಿಡಿದೆ. ಮಳೆ ಬಿದ್ದ ನೆಲದ ವಾಸನೆಯ ಗೊಬ್ಬರ ಒಂದು ಬಕೆಟ್ ತುಂಬ ಬಂತು. ಬರೆದಿಡೋಣವೆಂದರೆ ಆ್ಯಪಿನಲ್ಲಿ ಜಾಗವಿಲ್ಲ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆದೆ. ಜರಡಿಯಲ್ಲಿ ಒಂದು ಮಾವಿನ ಗೊರಟು ಹಾಗೇ ಉಳಿದಿತ್ತು. ಅದನ್ನು ಮತ್ತೆ ಮೇಲಿನ ಗಡಿಗೆಗೆ ಹಾಕಿದೆ.