ದಿಕ್ಕು ಹಿಡಿದ ಆಂಟೆನಾ

ಆಡ್‌ಹಾಕ್ ವೈರ್‌ಲೆಸ್ ಜಾಲಕ್ಕೆ ಟವರ್ ಬೇಕಿಲ್ಲ. ಜಾಲದ ಪ್ರತಿ ಸಾಧನ, ಅಂದರೆ ನೋಡ್, ತನ್ನ ಸಂದೇಶದ ಜೊತೆಗೆ ನೆರೆಯ ನೋಡ್‌ಗಳದ್ದನ್ನೂ ಮುಂದಕ್ಕೆ ದಾಟಿಸುತ್ತದೆ. ಇಲ್ಲಿ ರೂಢಿಯಲ್ಲಿರುವುದು ಸುತ್ತಲೂ ಒಂದೇ ಸಮನೆ ಹರಡುವ ಕಡ್ಡಿ ಆಂಟೆನಾ. ಎರಡು ನೋಡ್‌ಗಳು ಮಾತಿಗಿಳಿದರೆ ಸುತ್ತಲಿನವು ಸುಮ್ಮನಿರಬೇಕು. ನೋಡ್‌ಗಳು ಹೆಚ್ಚಿದಷ್ಟೂ ಒಂದೊಂದರ ಪಾಲಿನ ವೇಗ ಕುಗ್ಗುತ್ತದೆಂದು ಪಿಯೂಷ್ ಗುಪ್ತಾ ಮತ್ತು ಪಿ.ಆರ್. ಕುಮಾರ್ 2000ರಲ್ಲಿ ಗಣಿತದಿಂದ ತೋರಿಸಿದರು.

ಈ ಇಕ್ಕಟ್ಟಿಗೆ ದಿಕ್ಕಿನ ಆಂಟೆನಾ ಒಂದು ಉತ್ತರ. ಅದು ಶಕ್ತಿಯನ್ನು ಹುಟ್ಟಿಸುವುದಿಲ್ಲ. ಚೆದುರಿಹೋಗುವುದನ್ನು ಒಂದೆಡೆಗೆ ಕೂಡಿಸುತ್ತದೆ. ಜಪಾನಿನ ಉಡಾ ಮತ್ತು ಯಾಗಿ 1926ರಲ್ಲಿ ರೂಪಿಸಿದ, ಹ್ಯಾಮ್ ರೇಡಿಯೊ ಹವ್ಯಾಸಿಗಳ ಮೆಚ್ಚಿನ ಯಾಗಿ ಆಂಟೆನಾ ಇದನ್ನು ಸಾಲುಗಟ್ಟಿದ ಲೋಹದ ಕಡ್ಡಿಗಳಿಂದ ಸಾಧಿಸುತ್ತದೆ. ಡಿಶ್ ತನ್ನ ಬಾಗಿದ ಮೈಯಿಂದ. 24 ಡೆಸಿಬೆಲ್ ಗೇನ್‌ನ ಜಾಲರಿ ಡಿಶ್, ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ಆದರ್ಶ ಆಂಟೆನಾಕ್ಕಿಂತ ತಾನು ನೋಡುವ ಕಡೆಗೆ ಸುಮಾರು 250 ಪಟ್ಟು ಪ್ರಬಲ. ಅಡೆತಡೆಯಿಲ್ಲದ ಕಡೆ ಗೇನ್ 6 ಡೆಸಿಬೆಲ್ ಏರಿದರೆ ದೂರ ಇಮ್ಮಡಿಯಾಗುತ್ತದೆ. ಹೀಗೆ ಕೂಡಿಸಿದ ಅಲೆಯ, ಅಂದರೆ ಬೀಮ್‌ನ, ಆಚೆಗಿರುವ ನೋಡ್‌ಗಳು ಅದೇ ಹೊತ್ತಿಗೆ ತಮ್ಮ ಕೆಲಸ ನಡೆಸಬಹುದು.

ತೊಡಕು ಇರುವುದು ಯಾರು ಯಾವಾಗ ಕಳಿಸಬೇಕೆಂಬ ಸರದಿಯ ನಿಯಮಗಳಲ್ಲಿ. ವೈಫೈನ ನಿಯಮಗಳು ಸುತ್ತಲಿನವರಿಗೆಲ್ಲ ಕೇಳಿಸುತ್ತದೆಂದು ನಂಬಿ ಕಟ್ಟಿದವು. ಬೇರೆಡೆಗೆ ತಿರುಗಿರುವ ನೋಡ್‌ಗೆ ಕರೆ ಕೇಳಿಸದು. ಉತ್ತರ ಬಾರದಿದ್ದಾಗ ಕರೆದ ನೋಡ್ ಸಂಕೇತಗಳು ಡಿಕ್ಕಿಯಾದವೆಂದೇ ಬಗೆದು, ಪ್ರತಿ ಸಲವೂ ಕಾಯುವ ಅವಧಿಯನ್ನು ಹಿಗ್ಗಿಸುತ್ತದೆ. ತಜ್ಞರು ಇದನ್ನು ಕಿವುಡುತನವೆಂದೇ ಕರೆಯುತ್ತಾರೆ. ಮಾತುಕತೆ ಶುರುವಾದಾಗ ಬೇರೆಡೆ ತಿರುಗಿದ್ದ ನೋಡ್, ಆಮೇಲೆ ಇತ್ತ ತಿರುಗಿ ಅರಿಯದೆ ನಡುವೆ ನುಗ್ಗುವುದೂ ಉಂಟು. ನೆರೆಯವರು ಯಾವ ದಿಕ್ಕಿನಲ್ಲಿದ್ದಾರೆಂದು ಮೊದಲೇ ತಿಳಿದಿರಬೇಕಾದದ್ದು ಇನ್ನೊಂದು ಹೊರೆ. ರೊಮಿತ್ ರಾಯ್ ಚೌಧುರಿ ಮತ್ತು ಸಂಗಡಿಗರು 2002ರಲ್ಲಿ ಸೂಚಿಸಿದ ವಿಧಾನದಲ್ಲಿ ಕರೆಯನ್ನು ನಡುವಣ ನೋಡ್‌ಗಳು ಮುಟ್ಟಿಸುತ್ತವೆ; ಆ ಬಳಿಕ ದೂರದ ಎರಡು ಆಂಟೆನಾಗಳು ಪರಸ್ಪರ ಮುಖ ಮಾಡಿ ನೇರ ಕೊಂಡಿ ಬೆಸೆಯುತ್ತವೆ.

ಕಂಬಕ್ಕೆ ಬಿಗಿದ ಆಂಟೆನಾಗಳಿಗೆ ಹುಡುಕಾಟದ ಗೋಜಿಲ್ಲ. ಆದರೆ ಒಂದೇ ಕಂಬದಲ್ಲಿ ಹಲವು ಡಿಶ್‌ಗಳಿದ್ದರೆ, ಒಂದರಿಂದ ಪಕ್ಕಕ್ಕೆ ಸೋರುವ ಅಲೆ ಮತ್ತೊಂದಕ್ಕೆ ದೂರದಿಂದ ಬರುವ ಕ್ಷೀಣ ಸಂಕೇತವನ್ನು ಮುಳುಗಿಸುತ್ತದೆ. ಹಳ್ಳಿಗಳಿಗೆ ದೂರದ ವೈಫೈ ಒಯ್ಯುವ ಕೆಲಸದಲ್ಲಿ ತೊಡಗಿದ್ದ ಭಾಸ್ಕರನ್ ರಾಮನ್ ಮತ್ತು ಕಾಮೇಶ್ವರಿ ಚೆಬ್ರೋಲು 2005ರಲ್ಲಿ ಇದಕ್ಕೆ ಸರಳ ಪರಿಹಾರ ಕೊಟ್ಟರು: ಒಂದು ಕಂಬದ ಡಿಶ್‌ಗಳೆಲ್ಲ ಒಟ್ಟಿಗೆ ಕಳಿಸಬೇಕು, ಇಲ್ಲವೇ ಒಟ್ಟಿಗೆ ಆಲಿಸಬೇಕು. ಹೀಗೆ ಸರದಿ ಬದಲಾಗುತ್ತಿದ್ದರೆ ಒಂದೇ ಚಾನೆಲ್ ಎಲ್ಲ ಕೊಂಡಿಗಳಿಗೂ ಸಾಕು.

ಹಾಗಾಗಿ ನೆಲೆ ಕದಲದ ನೋಡ್‌ಗಳಿಗೆ ಡಿಶ್ ಅಥವಾ ಯಾಗಿ ಒಪ್ಪುತ್ತದೆ. ಓಡಾಡುವ ನೋಡ್‌ಗಳಿಗೆ ವಿದ್ಯುತ್ತಿನಿಂದಲೇ ಬೀಮ್ ತಿರುಗಿಸುವ ಆಂಟೆನಾ ಸಾಲು ಬೇಕು. ಎರಡರಲ್ಲೂ ಗೇನ್‌ನ ಫಲ ಕೈಗೆ ಸಿಗುವುದು ಸರದಿಯ ನಿಯಮವೂ ದಿಕ್ಕನ್ನು ಅರಿತಿದ್ದಾಗ ಮಾತ್ರ.