ಖಾಸಗಿ ಪತ್ರಗಳ ಸಂರಕ್ಷಣೆ ಮತ್ತು ಡಿಜಿಟಲ್ ಪತ್ರಾಗಾರ: ಒಂದು ವಿಮರ್ಶೆ

ಕರ್ನಾಟಕದ ಇತಿಹಾಸವನ್ನು ಬರೆದ ವಿದ್ವಾಂಸರು ಪ್ರಧಾನವಾಗಿ ಶಾಸನಗಳನ್ನು ಅವಲಂಬಿಸಿದರು. ಬಿ. ಎಲ್. ರೈಸ್ ಅವರು 1886ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಮೊದಲ ಸಂಪುಟವನ್ನು ಹೊರತಂದಂದಿನಿಂದ ಈ ಮಾರ್ಗ ಸ್ಥಿರಪಟ್ಟಿತು. ಶಾಸನವು ಲೋಕಕ್ಕೆ ಸಾರುವುದಕ್ಕಾಗಿ ಹುಟ್ಟಿದುದು. ಪತ್ರವಾದರೋ ಒಬ್ಬರು ಮತ್ತೊಬ್ಬರಿಗೆ ಮಾತ್ರ ಹೇಳಿದುದು. ಎರಡರ ಸಾಕ್ಷ್ಯವೂ ಬೇರೆ ಬೇರೆ ಬಗೆಯದು. 1791ರಲ್ಲಿ ಮರಾಠರ ದಂಡು ಶೃಂಗೇರಿಯನ್ನು ಕೊಳ್ಳೆ ಹೊಡೆದ ಬಳಿಕ ಟಿಪ್ಪು ಸುಲ್ತಾನನು ಮಠಕ್ಕೆ ಬರೆಸಿದ ಕನ್ನಡ ಪತ್ರಗಳನ್ನು 1916ರಲ್ಲಿ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದಾಗ, ಆ ಕಾಲದ ಬಗೆಗಿನ ಚರ್ಚೆಯ ಸ್ವರೂಪವೇ ಬದಲಾಯಿತು. ಅವು ನಮಗೆ ದೊರೆತದ್ದು ಮಠವು ತನಗೆ ಬಂದ ಕಾಗದಗಳನ್ನು ಚೆದರಿಸದೆ ಕಟ್ಟಾಗಿ ಇಟ್ಟುಕೊಂಡಿದ್ದುದರಿಂದ ಎಂಬುದನ್ನು ಮರೆಯಲಾಗದು.

ಈಗ ಮನೆಗಳ ಅಟ್ಟದಲ್ಲಿಯೂ ಪೆಟ್ಟಿಗೆಗಳಲ್ಲಿಯೂ ಉಳಿದಿರುವ ಪತ್ರಗಳನ್ನು, ಛಾಯಾಚಿತ್ರಗಳನ್ನು, ಲೆಕ್ಕದ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಡಿಜಿಟಲ್ ರೂಪದಲ್ಲಿ ಸಂಗ್ರಹಿಸುವ ಉದ್ಯಮಗಳು ಅನೇಕ ನಡೆದಿವೆ. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯವು 2008ರಲ್ಲಿ ಮೊದಲನೆಯ ಮಹಾಯುದ್ಧದ ಖಾಸಗಿ ಸಾಮಗ್ರಿಗಳನ್ನು ಸಾಮಾನ್ಯ ಜನರಿಂದಲೇ ಸಂಗ್ರಹಿಸಿತು. 2011ರಿಂದ ಆ ಕಾರ್ಯ ‘ಯೂರೋಪಿಯಾನ’ದ ಮೂಲಕ ಇತರ ದೇಶಗಳಿಗೂ ಹಬ್ಬಿತು. ಜನರು ಕಾಗದಗಳನ್ನು ತಂದರು, ಪ್ರತಿಯಾಯಿತು, ಮೂಲವನ್ನು ಮನೆಗೆ ಒಯ್ದರು. ನಮ್ಮ ದೇಶದಲ್ಲಿ ಅನುಷಾ ಯಾದವ್ ಅವರು 2010ರಲ್ಲಿ ಆರಂಭಿಸಿದ ‘ಇಂಡಿಯನ್ ಮೆಮೊರಿ ಪ್ರಾಜೆಕ್ಟ್’ ಕುಟುಂಬದ ಛಾಯಾಚಿತ್ರವೊಂದರ ಜತೆಗೆ ಆ ಮನೆಯವರು ಹೇಳಿದ ವೃತ್ತಾಂತವನ್ನು ಪ್ರಕಟಿಸುತ್ತ ಬಂದಿದೆ. ಸರಕಾರಿ ಕಡತಗಳಲ್ಲಿ ಕಾಣದ ಗೃಹಜೀವನ, ಉಡುಗೆ, ವಲಸೆ, ಸ್ತ್ರೀಯರ ವಿದ್ಯಾಭ್ಯಾಸ ಇವು ಇಂಥ ಸಂಗ್ರಹಗಳಿಂದ ನಮ್ಮ ಕಣ್ಣಿಗೆ ಬಿದ್ದಿವೆ. ಈ ಉಪಕಾರವನ್ನು ನಾವು ಕೃತಜ್ಞತೆಯಿಂದ ಒಪ್ಪುತ್ತೇವೆ. ಆದರೆ ಇತಿಹಾಸಕಾರನ ದೃಷ್ಟಿಯಿಂದ ಮೂರು ಆಕ್ಷೇಪಗಳನ್ನು ಮುಂದಿಡಬೇಕಾಗಿದೆ.

ಮೊದಲನೆಯದು, ಬಿಡಿ ಪತ್ರದ ಪ್ರಶ್ನೆ. ಕಾಗದಗಳು ಯಾರ ವಶದಲ್ಲಿ ಯಾವ ಕ್ರಮದಲ್ಲಿ ಕೂಡಿಬಂದವೋ ಆ ಕ್ರಮವನ್ನು ಕೆಡಿಸಬಾರದೆಂಬುದು ಪತ್ರಾಗಾರಶಾಸ್ತ್ರದ ಮೂಲಸೂತ್ರ. ಹಾಲೆಂಡಿನ ಮುಲ್ಲರ್, ಫೈತ್, ಫ್ರೌನ್ ಎಂಬ ಮೂವರು 1898ರಷ್ಟು ಹಿಂದೆಯೇ ತಮ್ಮ ಕೈಪಿಡಿಯಲ್ಲಿ ಇದನ್ನು ವ್ಯವಸ್ಥಿತವಾಗಿ ನಿರೂಪಿಸಿದರು. ಜನರ ಸ್ಮೃತಿಯನ್ನು ಆಧರಿಸಿದ ಸಂಗ್ರಹಗಳಲ್ಲಿ ಸಾಮಾನ್ಯವಾಗಿ ಮನೆಯವರಿಗೆ ಪ್ರಿಯವಾದ ಒಂದು ಚಿತ್ರವೋ ಒಂದು ಪತ್ರವೋ ಆಯ್ಕೆಯಾಗಿ ಬರುತ್ತದೆ. ಉಳಿದ ತೊಂಬತ್ತೊಂಬತ್ತು ಮನೆಯಲ್ಲಿಯೇ ಉಳಿಯುತ್ತವೆ. ಸಾಲಕ್ಕಾಗಿ ಬರೆದ ಕಾಗದ, ಪಾಲಿನ ಜಗಳದ ಕಾಗದ ಹೊರಗೆ ಬರುವುದು ವಿರಳ. ಏನೂ ಉಳಿಯದಿರುವುದಕ್ಕಿಂತ ಒಂದಾದರೂ ಉಳಿಯುವುದು ಲೇಸಲ್ಲವೆ ಎಂದು ಕೇಳಬಹುದು. ಲೇಸೇ ಸರಿ, ಆದರೆ ಅದು ಆಯ್ದ ಒಂದು ಎಂಬ ಸಂಗತಿಯೂ, ಆಯ್ದವರು ಯಾರೆಂಬುದೂ ಅದರ ಜತೆಯಲ್ಲಿಯೇ ದಾಖಲಾಗಿರಬೇಕು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ಭಾರತೀಯ ಸೈನಿಕರ ಪತ್ರಗಳನ್ನು ಇಲ್ಲಿ ನೆನೆಯಬಹುದು. ಅವು ಬಹುಮಟ್ಟಿಗೆ ಮೂಲರೂಪದಲ್ಲಿಲ್ಲ. ಅಂಚೆ ತನಿಖೆಯ ಅಧಿಕಾರಿಗಳು ಇಂಗ್ಲಿಷಿಗೆ ಅನುವಾದಿಸಿ ತೆಗೆದ ಭಾಗಗಳಷ್ಟೇ ಉಳಿದಿವೆ. ಡೇವಿಡ್ ಒಮಿಸಿ ಅವರು 1999ರಲ್ಲಿ ಇವುಗಳ ಸಂಕಲನವೊಂದನ್ನು ಪ್ರಕಟಿಸಿದರು. ಇಷ್ಟು ತುಂಡಾಗಿದ್ದರೂ ಇವು ಉಪಯುಕ್ತವಾದದ್ದೇಕೆ? ತುಂಡು ಮಾಡಿದವರ ವರದಿಗಳೂ ಜತೆಯಲ್ಲಿ ಉಳಿದಿರುವುದರಿಂದ. ಏತಕ್ಕಾಗಿ ಈ ಸಾಲನ್ನು ಎತ್ತಿ ಬರೆದುಕೊಂಡರೆಂಬುದು ನಮಗೆ ತಿಳಿದಿದೆ. ಪ್ರೀತಿಯಿಂದ ಆಯ್ದ ಪತ್ರಕ್ಕೂ ಇದೇ ನಿಯಮವು ಅನ್ವಯಿಸತಕ್ಕದ್ದು.

ಎರಡನೆಯದು, ಪ್ರತಿಗೂ ಮೂಲಕ್ಕೂ ಇರುವ ಅಂತರ. ಹಳೆಯ ಕನ್ನಡ ಕಾಗದಗಳಲ್ಲಿ ಅನೇಕ ವೇಳೆ ಇಸವಿ ಇರುವುದಿಲ್ಲ. ಸಂವತ್ಸರ, ಮಾಸ, ತಿಥಿ ಮಾತ್ರ ಇರುತ್ತವೆ. ಅರುವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳಿ ಬರುತ್ತದೆ. ಕ್ರೋಧಿ ಸಂವತ್ಸರವೆಂದಷ್ಟೇ ಬರೆದ ಪತ್ರ 1904–05ರದೋ 1964–65ರದೋ ಎಂಬುದನ್ನು ತೀರ್ಮಾನಿಸುವುದು ಲಕೋಟೆಯ ಮೇಲಿನ ಅಂಚೆಚೀಟಿ ಮತ್ತು ಮುದ್ರೆ: ಏಳನೆಯ ಎಡ್ವರ್ಡನ ಮುಖವಿದ್ದರೆ ಒಂದು, ಗಣರಾಜ್ಯದ ಚೀಟಿಯಿದ್ದರೆ ಮತ್ತೊಂದು. ಒಳಗಿನ ಹಾಳೆಯನ್ನು ಮಾತ್ರ ಸ್ಕ್ಯಾನ್ ಮಾಡಿ ಲಕೋಟೆಯನ್ನು ಕಸಕ್ಕೆ ಹಾಕಿದರೆ ಪತ್ರದ ಕಾಲವನ್ನೇ ಕಸಕ್ಕೆ ಹಾಕಿದಂತಾಯಿತು. ಛಾಯಾಚಿತ್ರದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ಹೆಸರು, ಸ್ಟುಡಿಯೋದ ಮುದ್ರೆ, ಶುಭಪತ್ರದ ಮೂಲೆಗೆ ಹಚ್ಚಿದ ಅರಿಶಿನ ಇವೆಲ್ಲವೂ ಸಾಕ್ಷ್ಯವೇ. ಇಲ್ಲದಿರುವುದೂ ಸಾಕ್ಷ್ಯ. ಸಾವಿನ ಸುದ್ದಿಯ ಕಾಗದವನ್ನು ಓದಿದ ಕೂಡಲೆ ಹರಿದುಹಾಕುವ ಪದ್ಧತಿ ನಮ್ಮ ಅನೇಕ ಮನೆತನಗಳಲ್ಲಿತ್ತು. ಆದುದರಿಂದ ಅಂಥ ಮನೆಯ ಕಟ್ಟಿನಲ್ಲಿ ಮದುವೆಗಳು ಕಾಣುತ್ತವೆ, ಮರಣಗಳು ಕಾಣುವುದಿಲ್ಲ. ಇಡೀ ಕಟ್ಟನ್ನು ಬಿಚ್ಚಿ ನೋಡಿದವನಿಗೆ ಈ ಮೌನ ಗೊತ್ತಾಗುತ್ತದೆಯೇ ಹೊರತು ಬಿಡಿ ಚಿತ್ರಗಳನ್ನು ನೋಡುವವನಿಗಲ್ಲ.

ಮೂರನೆಯದು, ಬಾಳಿಕೆ. ಇಂಗ್ಲೆಂಡಿನ 1086ರ ‘ಡೂಮ್ಸ್‌ಡೇ’ ಗ್ರಂಥದ ಒಂಬೈನೂರನೆಯ ವರ್ಷದ ಸ್ಮರಣೆಗಾಗಿ ಬಿ.ಬಿ.ಸಿ. ಸಂಸ್ಥೆಯು 1986ರಲ್ಲಿ ಶಾಲಾಮಕ್ಕಳೂ ಊರವರೂ ಬರೆದ ಬರಹಗಳನ್ನು, ತೆಗೆದ ಚಿತ್ರಗಳನ್ನು ಲೇಸರ್ ಫಲಕಗಳಲ್ಲಿ ತುಂಬಿಸಿತು. ಸುಮಾರು ಹದಿನೈದು ವರ್ಷಗಳಲ್ಲಿಯೇ ಆ ಫಲಕಗಳನ್ನು ಓದುವ ಯಂತ್ರಗಳು ಅಪರೂಪವಾದವು. ಸಾಮಗ್ರಿಯನ್ನು ಮರಳಿ ಓದಿಸುವುದಕ್ಕೆ ವಿಶ್ವವಿದ್ಯಾನಿಲಯಗಳು ಪ್ರತ್ಯೇಕವಾಗಿ ಶ್ರಮಿಸಬೇಕಾಯಿತು. ಚರ್ಮದ ಹಾಳೆಯ ಮೂಲಗ್ರಂಥವನ್ನಾದರೋ ಇಂದಿಗೂ ಓದಬಹುದು. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಗಣಕವ್ಯವಸ್ಥೆಯ ಮೇಲೆ ದಾಳಿಯಾದಾಗ ಅದರ ಡಿಜಿಟಲ್ ಸೇವೆಗಳು ತಿಂಗಳುಗಟ್ಟಲೆ ಓದುಗರಿಗೆ ದೊರೆಯಲಿಲ್ಲ. ಕಪಾಟಿನ ಮೂಲ ಹಸ್ತಪ್ರತಿಗಳಿಗೆ ಮಾತ್ರ ಅದರಿಂದ ಹಾನಿಯಾಗಲಿಲ್ಲ. ಓಲೆಗರಿಗೆ ಎಣ್ಣೆ ಸವರುತ್ತಿದ್ದಂತೆ ಡಿಜಿಟಲ್ ಪ್ರತಿಗೂ ನಿಯತಕಾಲಿಕ ಆರೈಕೆ ಬೇಕು: ಬೇರೆ ಬೇರೆ ಊರುಗಳಲ್ಲಿ ಪ್ರತಿಗಳಿರಬೇಕು, ಅವು ಕೆಟ್ಟಿಲ್ಲವೆಂದು ಆಗಾಗ ತಾಳೆ ನೋಡಬೇಕು, ಹಳತಾದ ರೂಪದಿಂದ ಹೊಸ ರೂಪಕ್ಕೆ ಸಾಗಿಸಬೇಕು. ಇದು ವ್ಯಕ್ತಿಯ ಉತ್ಸಾಹದಿಂದ ಆಗುವ ಕೆಲಸವಲ್ಲ. ತಲೆಮಾರು ಬಾಳುವ ಸಂಸ್ಥೆಯ ಕೆಲಸ.

ಹೀಗೆಂದ ಮಾತ್ರಕ್ಕೆ ಡಿಜಿಟಲ್ ವಿಧಾನವೇ ದೋಷಯುಕ್ತವೆಂದು ನಾವು ಹೇಳುತ್ತಿಲ್ಲ. ಅಮೆರಿಕದ ಎಮರಿ ವಿಶ್ವವಿದ್ಯಾನಿಲಯವು ಸಲ್ಮಾನ್ ರಶ್ದಿಯವರ ಕಾಗದಪತ್ರಗಳೊಡನೆ ಅವರ ಹಳೆಯ ಗಣಕಯಂತ್ರಗಳನ್ನೂ ಪಡೆದು, 2010ರಲ್ಲಿ ಆ ಸಂಗ್ರಹವನ್ನು ಸಂಶೋಧಕರಿಗೆ ತೆರೆಯಿತು. ಅವುಗಳಲ್ಲಿ ಒಂದು ಯಂತ್ರದ ಕಡತಗಳನ್ನು ಲೇಖಕರು ಇಟ್ಟಿದ್ದ ಕ್ರಮದಲ್ಲಿಯೇ ನೋಡುವಂತೆ ಏರ್ಪಡಿಸಲಾಯಿತು. ಅಲ್ಲಿ ಕಟ್ಟಿನ ತತ್ತ್ವ ಕಾಗದದಿಂದ ಯಂತ್ರಕ್ಕೆ ಸಾಗಿತು. ಪತ್ರಗಳನ್ನು ಕೈಯಲ್ಲಿ ಬರೆಯುವುದನ್ನು ಬಹುಮಟ್ಟಿಗೆ ಬಿಟ್ಟಿರುವ ನಮಗೆ ಇದು ಮುಖ್ಯವಾದ ಪಾಠ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದಲ್ಲಿ 2019ರಲ್ಲಿ ಆರಂಭವಾದ ಪತ್ರಾಗಾರವೂ ವಿಜ್ಞಾನಿಗಳ ಕಾಗದಗಳನ್ನು ಮೂಲರೂಪದಲ್ಲಿ ಕಾಪಾಡಿ, ವಿವರಣಾತ್ಮಕ ಸೂಚಿಯನ್ನು ಸಿದ್ಧಪಡಿಸುವ ಮಾರ್ಗವನ್ನು ಹಿಡಿದಿದೆ. ಇಂಥ ಕಡೆ ಪ್ರತಿಯು ಮೂಲಕ್ಕೆ ಸಹಾಯಕ. ಮೂಲದ ಸ್ಥಾನಕ್ಕೆ ಬಂದು ಕುಳಿತ ಉತ್ತರಾಧಿಕಾರಿಯಲ್ಲ.

ಹಕ್ಕಿನ ವಿಷಯವನ್ನು ಸೂಚಿಸಿ ಮುಂದೆ ಹೋಗಬಹುದು. ಪತ್ರದ ಕಾಗದವು ಪಡೆದವರದು. 1957ರ ಕೃತಿಸ್ವಾಮ್ಯ ಕಾಯಿದೆಯ ಮೇರೆಗೆ ಅದರ ಬರಹದ ಹಕ್ಕು ಬರೆದವರದು ಅಥವಾ ಅವರ ವಾರಸುದಾರರದು. ಮನೆಯವರು ಒಪ್ಪಿದ ಮಾತ್ರಕ್ಕೆ ಮತ್ತೊಂದು ಮನೆಯವರು ಗುಟ್ಟಾಗಿ ಬರೆದ ಮಾತನ್ನು ಲೋಕಕ್ಕೆ ತೆರೆದಿಡುವುದು ಯುಕ್ತವಲ್ಲ. ಕಾಪಾಡುವುದು ಬೇರೆ, ಪ್ರಕಟಿಸುವುದು ಬೇರೆ. ಇಂತಿಷ್ಟು ವರ್ಷ ಮುಚ್ಚಿಡುವ ಷರತ್ತಿನ ಮೇಲೆ ಕಾಗದಗಳನ್ನು ಪಡೆಯುವ ಪದ್ಧತಿ ಇದಕ್ಕಾಗಿಯೇ ಇದೆ.

ಕಾಲೇಜುಗಳ ಇತಿಹಾಸ ವಿಭಾಗಗಳು ಈ ಕಾರ್ಯದಲ್ಲಿ ಕೈಗೂಡಿಸಲು ದೊಡ್ಡ ಯಂತ್ರಸಾಮಗ್ರಿ ಬೇಕಿಲ್ಲ, ಕ್ರಮ ಬೇಕು. ಕಟ್ಟನ್ನು ಬಿಚ್ಚುವ ಮೊದಲು ಅದು ಇದ್ದ ಸ್ಥಿತಿಯನ್ನು ಬರೆದುಕೊಳ್ಳಬೇಕು. ಪ್ರತಿಯೊಂದು ಹಾಳೆಗೂ ಸಂಖ್ಯೆ ಕೊಟ್ಟು ಎರಡು ಬದಿಯನ್ನೂ ಲಕೋಟೆಯನ್ನೂ ಸ್ಕ್ಯಾನ್ ಮಾಡಬೇಕು. ಮನೆಯ ಹಿರಿಯರು ಹೇಳಿದ ವಿವರವನ್ನು, ಹೇಳಿದವರ ಹೆಸರು ಮತ್ತು ದಿನಾಂಕದೊಡನೆ, ಪತ್ರದ ಪಾಠದಿಂದ ಬೇರೆಯಾಗಿಯೇ ಬರೆದಿಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ‘ಪ್ರತಿಯಾಯಿತಲ್ಲ, ಇನ್ನು ಕಾಗದವೇಕೆ?’ ಎಂದು ಕೇಳುವ ಮನೆಯವರಿಗೆ ಕಾಗದವೇಕೆಂಬುದನ್ನು ತಿಳಿಯಹೇಳಬೇಕು. ಆ ಪ್ರಶ್ನೆಗೆ ತೃಪ್ತಿಕರವಾದ ಉತ್ತರವನ್ನು ಕೊಡದೆ ನಾವು ಸ್ಕ್ಯಾನರ್ ಹಿಡಿದು ಹೊರಟರೆ, ಪತ್ರಗಳನ್ನು ಉಳಿಸಲು ಹೋದ ನಾವೇ ಅವುಗಳ ನಾಶಕ್ಕೆ ಕಾರಣರಾಗುವ ಅಪಾಯವಿದೆ.