ನಿಜದ ಬರಹಕ್ಕೆ ಆನ್‌ಲೈನ್ ಪಾಠ

'ಕ್ರಿಯೇಟಿವ್ ನಾನ್‌ಫಿಕ್ಷನ್' ಎಂಬುದಕ್ಕೆ ಎಲ್ಲರೂ ಒಪ್ಪಿದ ಹೆಸರೊಂದು ಕನ್ನಡದಲ್ಲಿ ಇನ್ನೂ ಇಲ್ಲ. ಕೆಲವರು 'ಸೃಜನಶೀಲ ಕಥನೇತರ ಸಾಹಿತ್ಯ' ಎನ್ನುತ್ತಾರೆ; ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಓದುಗ ಎದ್ದು ಹೋಗಿರುತ್ತಾನೆ. ಹೆಸರು ಇಲ್ಲದಿದ್ದರೂ ಅದನ್ನು ಕಲಿಸುವ ತರಗತಿಗಳಿಗೆ ಬರವಿಲ್ಲ. 2020ರ ಲಾಕ್‌ಡೌನ್ ನಮ್ಮ ಮದುವೆ, ಮುಶಾಯಿರಾಗಳನ್ನು ಮಾತ್ರವಲ್ಲ, ಬರವಣಿಗೆಯ ಕಮ್ಮಟಗಳನ್ನೂ ಝೂಮ್‌ನೊಳಗೆ ತಂದಿತು. ಮದುವೆಗಳು ಮರಳಿ ಹಾಲಿಗೆ ಹೋದವು, ಕಮ್ಮಟಗಳು ಅಲ್ಲೇ ಉಳಿದವು. ಉದ್ಯಾವರದಲ್ಲಿ ಇಶಾ ನಮಾಝ್ ಮುಗಿಸಿ ಬಂದು ಅಂಥದೊಂದು ತರಗತಿಯಲ್ಲಿ ನಾನೂ ಎಂಟು ವಾರ ಕುಳಿತೆ. ಅಲ್ಲಿ ಕಲಿಸಿದ್ದರಲ್ಲಿ ನಮಗೆ ಸಲ್ಲುವುದು ಯಾವುದು, ಸಲ್ಲದಿರುವುದು ಯಾವುದು ಎಂಬಷ್ಟೇ ಇಲ್ಲಿಯ ವಿಚಾರ.

ಸಲ್ಲುವುದು ಇದೆ. ಅಭಿಪ್ರಾಯ ಹೇಳುವ ಬದಲು ದೃಶ್ಯ ತೋರಿಸಿ, ದಿನಾಂಕ ನೋಡಿಕೊಳ್ಳಿ, ಜನರನ್ನು ಎರಡು ಸಲ ಕೇಳಿ ಎಂಬ ಪಾಠ ನಮ್ಮ ಭಾಷಣಪ್ರಿಯ ಲೇಖಕರಿಗೆ ಬೇಕಾದದ್ದೇ. ಆದರೆ ಈ ಪ್ರಕಾರ ಅಮೆರಿಕದಲ್ಲಿ ಹುಟ್ಟಿತು, ಲೀ ಗುಟ್‌ಕಿಂಡ್ 1993ರಲ್ಲಿ ಅದೇ ಹೆಸರಿನ ಪತ್ರಿಕೆ ಆರಂಭಿಸಿದ ಮೇಲೆ ಬೆಳೆಯಿತು ಎಂಬ ಧಾಟಿಯಲ್ಲಿ ಪಾಠ ಸಾಗಿದಾಗ ಸುಮ್ಮನಿರುವುದು ಕಷ್ಟವಾಯಿತು. ಗೊರೂರರ 'ಹಳ್ಳಿಯ ಚಿತ್ರಗಳು' ಏನು ಹಾಗಾದರೆ? ಉರ್ದು ಶಾಲೆಯಲ್ಲಿ ಓದಿದವರಿಗೆ 'ಖಾಕಾ' ಗೊತ್ತು, 'ರಿಪೋರ್ತಾಜ್' ಗೊತ್ತು. ಡೆಪ್ಯೂಟಿ ನಝೀರ್ ಅಹ್ಮದರ ಬಗ್ಗೆ ಅವರ ಶಿಷ್ಯ ಮಿರ್ಝಾ ಫರ್‌ಹತುಲ್ಲಾ ಬೇಗ್ ಬರೆದ ಬರಹ, 1945ರ ಹೈದರಾಬಾದ್ ಪ್ರಗತಿಶೀಲ ಲೇಖಕರ ಸಮ್ಮೇಳನದ ಮೇಲೆ ಕ್ರಿಶನ್ ಚಂದರ್ ಬರೆದ 'ಪೌದೇ' - ಇವೆಲ್ಲ ಆ ಪತ್ರಿಕೆಗೂ ಎಷ್ಟೋ ಹಿಂದಿನವು. ತೇಜಸ್ವಿಯವರ 'ಕರ್ವಾಲೊ'ದ ಕಿವಿ ಎಂಬ ನಾಯಿ 'ಪರಿಸರದ ಕತೆ'ಯಲ್ಲೂ ಓಡಾಡುತ್ತದೆ. ಕಾದಂಬರಿಗೂ ನಿಜದ ಬರಹಕ್ಕೂ ನಡುವೆ ಬೇಲಿ ಎಲ್ಲಿದೆ ಎಂದು ಕೇಳಲು ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ನಿಜವಾದ ತಕರಾರು ಬೇರೆಯದೇ. ಸತ್ಯದ ವಿಷಯದಲ್ಲಿ ಆ ತರಗತಿಗೆ ಎರಡು ಸೂತ್ರಗಳಿದ್ದವು. ಒಂದು, ನಿಮ್ಮ ಬದುಕಿನಲ್ಲಿ ನಡೆದದ್ದೆಲ್ಲ ನಿಮ್ಮ ಸ್ವತ್ತು, ಧೈರ್ಯವಾಗಿ ಬರೆಯಿರಿ. ಎರಡು, ನಲವತ್ತು ವರ್ಷ ಹಿಂದಿನ ಮಾತು ಪೂರ್ತಿ ನೆನಪಿಲ್ಲದಿದ್ದರೂ ಉದ್ಧರಣ ಚಿಹ್ನೆ ಹಾಕಿ ಬರೆಯಿರಿ, ಓದುಗ ಒಪ್ಪಿಕೊಳ್ಳುತ್ತಾನೆ. ಈ ಎರಡನೆಯ ಸಡಿಲಿಕೆ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಟ್ರೂಮನ್ ಕಪೋಟಿಯೇ ಸಾಕ್ಷಿ. 1966ರಲ್ಲಿ ಪುಸ್ತಕವಾಗಿ ಬಂದ 'ಇನ್ ಕೋಲ್ಡ್ ಬ್ಲಡ್' ಪೂರ್ತಿ ನಿಜವೆಂದು ಆತ ಹೇಳಿಕೊಂಡಿದ್ದ. ಅದರ ಕೊನೆಯ ಸ್ಮಶಾನದ ದೃಶ್ಯ ನಡೆದದ್ದೇ ಅಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಹದೀಸ್ ವಿದ್ವಾಂಸರು ಒಂದು ಮಾತನ್ನು ಸ್ವೀಕರಿಸುವ ಮೊದಲು ಯಾರಿಂದ ಯಾರು ಕೇಳಿದರು ಎಂಬ ಸರಪಳಿಯನ್ನು, ಅಂದರೆ ಇಸ್ನಾದನ್ನು ನೋಡುತ್ತಿದ್ದರು. ಹೇಳಿದವನ ಪ್ರಾಮಾಣಿಕತೆಯ ಜೊತೆಗೆ ಅವನ ನೆನಪಿನ ಶಕ್ತಿಯನ್ನೂ ತೂಗುತ್ತಿದ್ದರು. ಸಾಹಿತ್ಯಕ್ಕೆ ಅಷ್ಟು ಕಟ್ಟುನಿಟ್ಟು ಹೇರಬೇಕಿಲ್ಲ. ಆದರೂ 'ದಾದಿ ಹೀಗೆ ಹೇಳಿದರಂತೆ, ನಾನು ಕೇಳಿದ್ದು ಅಮ್ಮಿಯಿಂದ' ಎಂದು ಬರೆದರೆ ಏನು ಕೆಡುತ್ತದೆ? ಅದರಿಂದ ಓಟ ಕುಂಟುತ್ತದೆ ಎಂದು ತರಗತಿಯಲ್ಲಿ ಅಂಥ ಸಾಲುಗಳನ್ನೆಲ್ಲ ಹೊಡೆದುಹಾಕಿಸಿದರು. ನನ್ನ ಮಟ್ಟಿಗೆ ಕತೆಯ ಅರ್ಧ ಜೀವ ಇರುವುದೇ ಆ 'ಅಂತೆ'ಯಲ್ಲಿ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಒಂದು ಮನೆಯಲ್ಲಿ ಉರ್ದು, ಪಕ್ಕದ ಮನೆಯಲ್ಲಿ ಬ್ಯಾರಿ, ಮೀನಿನ ಮಾರುಕಟ್ಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಬೀಡಿ ಕಟ್ಟುತ್ತಿದ್ದ ಅಜ್ಜಿಯ ಬಾಯಲ್ಲಿ ಒಬ್ಬರು ಪತ್ರಿಕೆಯ ಕನ್ನಡ ಆಡಿಸಿದ್ದರು, ಬಹಳ ಸಹಜವಾಗಿದೆ ಎಂಬ ಮೆಚ್ಚುಗೆಯೂ ಬಂತು. ಆ ಅಜ್ಜಿಗೆ ಬರುತ್ತಿದ್ದುದು ಬ್ಯಾರಿ ಮಾತ್ರ. ಇದು ಅನುವಾದ ಎಂದು ಒಂದು ಮಾತು ಹೇಳಿದ್ದರೆ ಅಜ್ಜಿಯೂ ಉಳಿಯುತ್ತಿದ್ದಳು, ನಿಜವೂ ಉಳಿಯುತ್ತಿತ್ತು.

ಇನ್ನು ಮೊದಲ ಸೂತ್ರ, ಧೈರ್ಯದ್ದು. ಒಬ್ಬನ ಬೆನ್ನ ಹಿಂದೆ ಅವನಿಗೆ ಇಷ್ಟವಾಗದ್ದನ್ನು ಹೇಳಿದರೆ, ಅದು ನಿಜವಾಗಿದ್ದರೂ ಗೀಬತ್; ಸುಳ್ಳಾದರೆ ಬುಹ್ತಾನ್. ಮದ್ರಸದ ಮಗುವಿಗೂ ಗೊತ್ತಿರುವ ಈ ಪಾಠ ನಿಜದ ಬರಹಗಾರನ ಕುತ್ತಿಗೆಗೇ ಬರುತ್ತದೆ. ಹಾಗಾದರೆ ಬರೆಯುವುದೇ ಬೇಡವೆ? ಇಸ್ಮತ್ ಚುಗ್ತಾಯಿ ತೀರಿಹೋದ ಅಣ್ಣ ಅಝೀಂ ಬೇಗ್ ಚುಗ್ತಾಯಿಯ ಖಾಕಾ ಬರೆದು ಅದಕ್ಕೆ 'ದೋಝಖಿ' ಎಂದು ಹೆಸರಿಟ್ಟರು, ನರಕವಾಸಿ! ಅವನ ರೋಗ, ಕುಚೋದ್ಯ, ಮನೆಯವರನ್ನು ಕಾಡಿದ್ದು, ಯಾವುದನ್ನೂ ಮುಚ್ಚಿಡಲಿಲ್ಲ. ಅದನ್ನು ಓದಿದ ಮಂಟೋನ ಅಕ್ಕ, ಸತ್ತ ಅಣ್ಣನನ್ನೂ ಬಿಡಲಿಲ್ಲವಲ್ಲ ಎಂದು ಇಸ್ಮತ್‌ರನ್ನು ದೂರಿದರಂತೆ. ನನ್ನ ಮೇಲೆ ನೀನು ಹೀಗೆ ಬರೆಯುವುದಾದರೆ ಈಗಲೇ ಸಾಯಲು ಸಿದ್ಧ ಎಂದನಂತೆ ಮಂಟೋ. ಅಕ್ಕನ ದೂರು ತಪ್ಪಲ್ಲ, ಮಂಟೋನ ಉತ್ತರವೂ ತಪ್ಪಲ್ಲ. ಆದರೆ ಇಸ್ಮತ್‌ಗೆ ಆ ಹಕ್ಕು ಬಂದದ್ದು ಧೈರ್ಯದಿಂದಲ್ಲ. ಅಣ್ಣನನ್ನು ಬಯ್ಯುವ ಪ್ರತಿ ಸಾಲಿನಲ್ಲೂ ಅವರು ಅವನ ಹಾಸಿಗೆಯ ಪಕ್ಕದಲ್ಲೇ ಕುಳಿತಿದ್ದಾರೆ.

ಮುಸ್ಲಿಂ ಲೇಖಕನಿಗೆ ಈ ಬಿಕ್ಕಟ್ಟು ಎರಡು ಪಟ್ಟು. ಸಾರಾ ಅಬೂಬಕ್ಕರರ 'ಚಂದ್ರಗಿರಿಯ ತೀರದಲ್ಲಿ' 1981ರಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದಾಗ ಅದು ಕಾದಂಬರಿ. ಆದರೂ ಅದನ್ನು ಸಮುದಾಯದ ಮೇಲಿನ ಸಾಕ್ಷಿಪತ್ರದಂತೆ ಓದಿದವರಿದ್ದರು. ಕತೆಯಲ್ಲಿ ನಾನು ಊರಿನ ಹೆಸರು ಬದಲಿಸಿ ಬದಿಗೆ ನಿಲ್ಲಬಹುದು. ನಿಜದ ಬರಹಕ್ಕೆ ಸಹಿ ಹಾಕಬೇಕು. ನಮ್ಮ ಮನೆಯ ಒಂದು ಜಗಳ ನಾಳೆ ಯಾರದೋ ಭಾಷಣದಲ್ಲಿ ಉದಾಹರಣೆಯಾಗಬಹುದು. ಆ ಭಯಕ್ಕೆ ಎಲ್ಲವನ್ನೂ ಮುಚ್ಚಿಟ್ಟು ಈದ್ ಬಿರಿಯಾನಿ ಮತ್ತು ಸೌಹಾರ್ದದ ಬಗ್ಗೆಯಷ್ಟೇ ಬರೆಯುವವರೂ ಇದ್ದಾರೆ. ಅಂಥವನ್ನು ಓದಿ ಓದಿ ನನಗಂತೂ ಸಾಕಾಗಿದೆ.

ತರಗತಿಯಲ್ಲಿದ್ದ ಒಬ್ಬ ಯುವತಿ ತನ್ನ ಆಪಾಳ ತಲಾಕಿನ ಬಗ್ಗೆ ಬರೆಯಬಹುದೇ ಎಂದು ಕೇಳಿದ್ದಳು. ಧೈರ್ಯವಾಗಿ ಬರೆಯಿರಿ ಎಂಬ ಉತ್ತರವೇ ಬಂತು. ಆ ಧೈರ್ಯದ ಬೆಲೆ ಕೊಡಬೇಕಾದವಳು ಆಪಾ, ಅವಳು ಪರದೆಯ ಮೇಲಿನ ಯಾವ ಚೌಕದಲ್ಲೂ ಇರಲಿಲ್ಲ. ಹುಡುಗಿ ಯಾರ ಸಲಹೆಗೂ ಕಾಯದೆ ಬರೆದದ್ದನ್ನು ಮೊದಲು ಆಪಾಳಿಗೇ ಓದಿ ಹೇಳಿದಳು. ಆಪಾ ಎರಡು ಸಾಲು ತೆಗೆಸಿದಳು. ಇದ್ದತ್‌ನ ದಿನಗಳಲ್ಲಿ ಹೊಲಿಗೆ ಯಂತ್ರಕ್ಕೆ ಎಣ್ಣೆ ಹಾಕುತ್ತಾ ಕೂತಿದ್ದೆ ಎಂದು ಒಂದು ಸಾಲು ಸೇರಿಸಿದಳು. ಎಂಟು ವಾರಗಳಲ್ಲಿ ನಾವೆಲ್ಲ ಬರೆದದ್ದರಲ್ಲಿ ನನಗೆ ನೆನಪಿರುವುದು ಆ ಸಾಲು.